ಕೂಗಿದರೆ ತಿರುಗುವ ಹೆಸರು

ಹೆಸರಂತೆ ಹೆಸರು! ಹೇಳಲು ಹೊರಟರೆ ನಾಲಿಗೆ ಮೂರು ಕಡೆ ಎಡವಬೇಕು. ಪಕ್ಕದ ಮನೆಯವಳು ಅರ್ಧಕ್ಕೇ ಕೈಬಿಟ್ಟು "ಪಾಪು" ಅಂದಳು. ಆಸ್ಪತ್ರೆಯ ನರ್ಸು ಒಂದು ಅಕ್ಷರ ನುಂಗಿ, ಇನ್ನೊಂದನ್ನು ತಾನೇ ಸೇರಿಸಿ ಬರೆದಳು. ಆದರೂ ನನ್ನ ಸೊಸೆಯದು ಒಂದೇ ಹಟ. ಮಗುವಿಗೆ ಅದೇ ಹೆಸರು.

"ಅವರು ಆರಿಸಿದ್ದು, ಅತ್ತೆ. ನಾನು ಬದಲಾಯಿಸಲ್ಲ."

ಅವರು ಅಂದರೆ ನನ್ನ ಮಗ. ಮಗಳ ಮುಖ ನೋಡದೆ ಹೋದವನು. ಹೊಟ್ಟೆಯಲ್ಲಿದ್ದ ಕೂಸಿಗೆ ಕೇಳಲಿ ಅಂತ ಹೆಂಡತಿಯ ಪಕ್ಕ ಕೂತು ಆ ಹೆಸರನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದ. "ಬಾಯಿಗೆ ಬಂದ ಹಾಗೆ ಕರೆಯೋ ಹೆಸರು ಬೇಡಮ್ಮ. ಕರೆಯೋರು ಸ್ವಲ್ಪ ಕಷ್ಟಪಡ್ಲಿ" ಅಂತ ನಗುತ್ತಿದ್ದ. ನಾನು ಒಂದು ದಿನವೂ ಅದನ್ನು ಬಾಯಲ್ಲಿ ಆಡಲಿಲ್ಲ.

ನನಗೆ ಬೇಕಿದ್ದದ್ದು ಎರಡಕ್ಷರದ ಹೆಸರು. ಕೂಗಿದರೆ ಮಗ್ಗಗಳ ಗದ್ದಲ ದಾಟಿ ಹೋಗಬೇಕು, ಕೇಳಿದವರು ತಟ್ಟನೆ ತಿರುಗಬೇಕು. ನನಗೇನು ಹುಚ್ಚೇ? ಕಾರಣವಿತ್ತು.

ನಾನೂ ಮಗನೂ ಒಂದೇ ಬಟ್ಟೆ ಮಿಲ್ಲಿನಲ್ಲಿದ್ದೆವು. ಅವನು ಮಗ್ಗದಲ್ಲಿ. ನಾನು ಅದೇ ಶೆಡ್ಡಿನ ಕೊನೆಯಲ್ಲಿ, ನೇಯ್ದ ಬಟ್ಟೆಯನ್ನು ದೀಪದ ಕೆಳಗೆ ಹರಡಿ ಬೆರಳಾಡಿಸಿ ತಪ್ಪು ಹುಡುಕುವ ಮೇಜಿನಲ್ಲಿ. ಮಗನ ಹೆಸರೂ ಉದ್ದ. ನನ್ನ ಯಜಮಾನರು ತಮ್ಮ ಅಜ್ಜನ ಹೆಸರನ್ನೇ ಇಟ್ಟು ಕಣ್ಣು ಮುಚ್ಚಿದ್ದರು. ಅವನು ಕೆಲಸಕ್ಕೆ ಸೇರಿದ ದಿನ ಸೂಪರ್‌ವೈಸರ್ ಆ ಹೆಸರನ್ನು ಹೇಳಲು ಹೋಗಿ ತಡವರಿಸಿ ನಕ್ಕುಬಿಟ್ಟ. "ಇದೇನಪ್ಪ, ಹೆಸರಾ ರೈಲುಗಾಡಿನಾ? ನೀನು ಎಂಟು ಬಿಡು" ಅಂದ. ಎಂಟನೇ ಮಗ್ಗದವನು ಎಂಟು. ಆಮೇಲೆ ಶೆಡ್ಡಿಗೆಲ್ಲ ಅದೇ ರೂಢಿಯಾಯಿತು. "ಐದು, ದಾರ ನೋಡು! ಹತ್ತು, ಮಗ್ಗ ನಿಲ್ಲಿಸು!" ಯಾರು ಯಾವ ಮಗ್ಗಕ್ಕೆ ನಿಂತರೋ ಆ ದಿನಕ್ಕೆ ಅದೇ ಅವರ ಹೆಸರು.

ಆವತ್ತು ಮೂರನೇ ಮಗ್ಗದವನು ರಜೆ. "ಇವತ್ತು ನೀನು ಮೂರು" ಅಂತ ಸೂಪರ್‌ವೈಸರನೇ ನನ್ನ ಮಗನನ್ನು ಅಲ್ಲಿಗೆ ಕಳಿಸಿದ. ಎಂಟಕ್ಕೆ ಬೇರೊಬ್ಬ ನಿಂತ. ಮಧ್ಯಾಹ್ನ, ನೂಲು ಸುತ್ತಿದ ಕಬ್ಬಿಣದ ಉರುಳೆಯೊಂದು ಸರಪಳಿಯಲ್ಲಿ ತೂಗುತ್ತಾ ಮಗ್ಗಗಳ ಮೇಲೆ ಸಾಗುತ್ತಿತ್ತು. ಮೂರನೆಯದರ ಮೇಲೆ ಬಂದಾಗ ಕೊಂಡಿ ಬಿಟ್ಟುಕೊಳ್ಳುತ್ತಿರುವುದು ಸೂಪರ್‌ವೈಸರನ ಕಣ್ಣಿಗೆ ಬಿತ್ತು. ಗಂಟಲು ಹರಿಯುವ ಹಾಗೆ ಕೂಗಿದ, ಬಾಯಿಗೆ ಬಂದದ್ದು ಮಾತ್ರ ದಿನದ ರೂಢಿಯ ಹೆಸರೇ. "ಎಂಟು! ಎಂಟು, ಆಚೆ ಸರಿ!"

ಎಂಟನೇ ಮಗ್ಗಕ್ಕೆ ನಿಂತಿದ್ದವನು ಎಗರಿ ಪಕ್ಕಕ್ಕೆ ಬಿದ್ದ. ಬೆಳಿಗ್ಗೆಯಿಂದ ಮೂರಾಗಿದ್ದ ನನ್ನ ಮಗ ತುಂಡಾದ ಎಳೆಗೆ ಗಂಟು ಹಾಕುತ್ತಲೇ ಇದ್ದ. ನಾನು ಎದ್ದು ಓಡುವಷ್ಟರಲ್ಲಿ ಉರುಳೆ ಅವನ ಮೇಲೆ ಬಿದ್ದು ಎಲ್ಲ ಮುಗಿದಿತ್ತು.

ಆ ಉದ್ದದ ಹೆಸರೇ ನನ್ನ ಮಗನನ್ನು ತಿಂದಿತು ಅಂತ ನಂಬಿಬಿಟ್ಟೆ. ಚಿಕ್ಕ ಹೆಸರಾಗಿದ್ದರೆ ಅದನ್ನೇ ಕೂಗುತ್ತಿದ್ದರು, ಇವನು ತಿರುಗುತ್ತಿದ್ದ, ಇವತ್ತು ಮಗಳನ್ನು ಎತ್ತಿಕೊಂಡು ಕೂತಿರುತ್ತಿದ್ದ. ಸತ್ತ ಯಜಮಾನರಿಗೂ ಮನಸ್ಸಿನಲ್ಲೇ ಬೈದೆ. ಇನ್ನು ಮೊಮ್ಮಗಳಿಗೂ ಅದೇ ಗತಿಯೇ?

"ನಿನ್ನ ಹಟಕ್ಕೆ ಮಗು ಬಲಿಯಾಗ್ಬೇಕೇನೇ?" ಅಂತ ಕೂಗಾಡಿದೆ.

ಸೊಸೆ ಅಳಲಿಲ್ಲ. ಮಗುವಿನ ಬಟ್ಟೆ ಮಡಿಸುತ್ತಾ, "ಅವರು ಇವಳಿಗೆ ಅಂತ ಬಿಟ್ಟುಹೋಗಿದ್ದು ಇದೊಂದೇ, ಅತ್ತೆ" ಅಂದಳು. ನಾನು ಮುಖ ತಿರುಗಿಸಿ ಕೂತೆ.

ಅಷ್ಟರಲ್ಲಿ ಸೂಪರ್‌ವೈಸರನೇ ಬಂದ, ಮಿಲ್ಲಿನವರೆಲ್ಲ ಸೇರಿ ಕಳಿಸಿದ ಪುಟ್ಟ ಹೊದಿಕೆ ಹಿಡಿದುಕೊಂಡು. ಕೆಟ್ಟ ಮನುಷ್ಯನೇನಲ್ಲ. ಕಣ್ಣು ಗುಳಿಬಿದ್ದಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಮಗುವಿನ ಗಲ್ಲ ಮುಟ್ಟಿ, "ಏನಮ್ಮ ಹೆಸರಿಟ್ರಿ?" ಅಂತ ಕೇಳಿದ. ಸೊಸೆ ಹೇಳಿದಳು. ಅವನು ಒಮ್ಮೆ ಹೇಳಲು ಹೋಗಿ, ತಡವರಿಸಿ, ನಕ್ಕುಬಿಟ್ಟ.

"ಅಯ್ಯೋ, ಇದೆಲ್ಲ ನನ್ನ ಬಾಯಲ್ಲಿ ಹೊರಳಲ್ಲಮ್ಮ. ಪುಟ್ಟಿ ಅಂತೀನಿ ಬಿಡಿ."

ಅದೇ ಮಾತು, ಅದೇ ನಗು. ನನ್ನ ಮೈಯೆಲ್ಲ ಉರಿದುಹೋಯಿತು. ಹೆಸರು ಏನು ತಪ್ಪು ಮಾಡಿತ್ತು? ನಾಲಿಗೆ ಹೊರಳಿಸುವ ತೊಂದರೆ ಇವನಿಗೆ ಬೇಕಾಗಿರಲಿಲ್ಲ, ಅಷ್ಟೇ. ನಾನೂ ಇಷ್ಟು ದಿನ ಇವನ ಪರವಾಗಿಯೇ ಸೊಸೆಯ ಹತ್ತಿರ ಜಗಳವಾಡುತ್ತಿದ್ದೆ.

ಎದ್ದುಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಇನ್ನೊಂದ್ಸಲ ಹೇಳಿ ಸಾರ್."

"ಅಮ್ಮಾ, ತಮಾಷೆಗೆ ಅಂದೆ..."

"ನಾನು ತಮಾಷೆ ಮಾಡ್ತಿಲ್ಲ. ನನ್ನ ಸೊಸೆ ಬಿಡಿಸಿ ಹೇಳ್ತಾಳೆ, ನೀವು ಹೇಳಿ."

ತಪ್ಪಿದ. ಮತ್ತೆ ತಪ್ಪಿದ. ಕಿವಿ ಕೆಂಪಾಯಿತು, ಕರ್ಚೀಫಿನಿಂದ ಕತ್ತು ಒರೆಸಿಕೊಂಡ. ಕೊನೆಗೊಮ್ಮೆ ಪೂರ್ತಿ, ಸರಿಯಾಗಿ ಹೇಳಿದ. ಮಗು ಕಣ್ಣು ಬಿಟ್ಟಿತು.

"ಬಂತಲ್ಲ ಸಾರ್? ನಾಲಿಗೆಯೇನೂ ಬಿದ್ದುಹೋಗ್ಲಿಲ್ಲ. ಈಗ ನನ್ನ ಮಗನ ಹೆಸರು ಹೇಳಿ."

ಅವನು ಗೋಡೆಯ ಮೇಲಿದ್ದ ಫೋಟೋ ನೋಡಿದ. ಎಷ್ಟೋ ವರ್ಷ ದಿನಬೆಳಗಾದರೆ ಕರೆದವನು. ತುಟಿ ಅಲುಗಿತು.

"ನಮ್ಮ... ಎಂಟು" ಅಂದ. ಅಂದವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ನಾನು ಬಾಗಿಲು ಬಿಟ್ಟು ಸರಿದೆ. ತಲೆ ಎತ್ತದೆ ಹೋದ.

ಸೊಸೆಯ ಮಡಿಲಿಂದ ಮಗುವನ್ನು ಎತ್ತಿಕೊಂಡೆ. ಮೊದಲು ಅದರ ಕಿವಿಯ ಹತ್ತಿರ ಅದರ ಅಪ್ಪನ ಹೆಸರು ಹೇಳಿದೆ, ಪೂರ್ತಿಯಾಗಿ. ಆಮೇಲೆ ಮಗುವಿನ ಹೆಸರು. ನನಗೂ ಮೊದಲ ಸಲ ತಪ್ಪಿತು. ಸೊಸೆ ತಿದ್ದಿದಳು. ಮತ್ತೆ ಹೇಳಿದೆ.