ನಗೋಯಾದಿಂದ ಹೊರಟ ಬಿಡುಗಡೆ ಪತ್ರ

ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ವೇದವಲ್ಲಿಯವರ ಕೈ ಕುದುರಿತು. ಮೊದಲೆರಡು ಪುಟಗಳಲ್ಲಿ ಮೊಹರು ಸ್ವಲ್ಪ ವಾರೆಯಾಗಿ ಬಿದ್ದಿತ್ತು. ಈಗ ಉಸಿರು ಬಿಗಿಹಿಡಿದು ಒತ್ತಿ ಎತ್ತಿದರೆ ದುಂಡಗೆ, ಕೆಂಪಗೆ, ಜಪಾನೀ ಲಿಪಿಯಲ್ಲಿ ಅವರ ಹೆಸರು. ಹಕ್ಕು ಬಿಡುಗಡೆ ಪತ್ರಕ್ಕೆ ಒಟ್ಟು ಏಳು ಪುಟ. ಒಂದನ್ನೂ ಬಿಡಲಿಲ್ಲ.

"ಮಧೂ, ಇಷ್ಟು ಸಾಕೇನೋ?"

ಮಗ ಮಧುಕರ್ ಊಟದ ಮೇಜನ್ನೇ ಆಫೀಸು ಮಾಡಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಾರಿನ ಬ್ರೇಕಿನ ಸಾಫ್ಟ್‌ವೇರ್ ತಡವಾದದ್ದಕ್ಕೆ ಯಾರಿಗೋ ಕ್ಷಮೆ ಕೇಳುತ್ತಿದ್ದ. "ಸುಮಿಮಾಸೆನ್, ಸುಮಿಮಾಸೆನ್" ಎನ್ನುತ್ತಲೇ, ತಾಯಿಯ ಕಡೆ ತಿರುಗದೆ ಹೆಬ್ಬೆರಳೆತ್ತಿ ತೋರಿಸಿದ.

ಮೊಹರಿನ ಮೇಲೆ ಅವರಿಗೆ ಭಕ್ತಿ ಹುಟ್ಟಿಸಿದವನು ಈ ಮಗನೇ. ಮೊಮ್ಮಗುವನ್ನು ನೋಡಲೆಂದು 2020ರ ಫೆಬ್ರವರಿಯಲ್ಲಿ ಮೂರು ತಿಂಗಳ ಮಟ್ಟಿಗೆ ಬಂದವರು ಕೊರೊನಾದ ದೆಸೆಯಿಂದ ಒಂದೂವರೆ ವರ್ಷವಾದರೂ ನಗೋಯಾದಲ್ಲೇ ಇದ್ದರು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಅವರ ಯಜಮಾನರು ಅನ್ನ, ಸಾರು ಮಾಡುವುದನ್ನು ಕಲಿತು ಪಲ್ಯಕ್ಕೆ ಕೈಹಾಕಿದ್ದರು. ದಯವಿಟ್ಟು ಮನೆಯಲ್ಲೇ ಇರಿ ಎಂದು ಇಲ್ಲಿಯ ಸರ್ಕಾರ ವಿನಂತಿಸುತ್ತಿದ್ದಾಗಲೂ ಮಗ ಎರಡೆರಡು ಮಾಸ್ಕ್ ಹಾಕಿಕೊಂಡು, ಸಬ್‌ವೇ ಹತ್ತಿ ಆಫೀಸಿಗೆ ಹೋಗಿ, ಒಂದೇ ಒಂದು ಕಾಗದದ ಮೇಲೆ ಹೆಸರಿನ ಮೊಹರು ಒತ್ತಿ ವಾಪಸು ಬರುತ್ತಿದ್ದ. ಸಹಿ ಮಾಡಿ ಕಳಿಸಿದರೆ ಆಗದೇ ಎಂದು ಇವರು ಕೇಳಿದರೆ, "ಹಾಂಕೋ ಮುಂದೆ ಸಹಿಗೆ ಮೂರು ಕಾಸಿನ ಬೆಲೆ ಇಲ್ಲಮ್ಮ ಇಲ್ಲಿ" ಎಂದಿದ್ದ. ಹುಟ್ಟುಹಬ್ಬಕ್ಕೆ ಸೊಸೆ ನಿಧಿ ಇವರಿಗೂ ಒಂದು ಹಾಂಕೋ ಕೆತ್ತಿಸಿಕೊಟ್ಟಿದ್ದಳು. ಅಂಗಡಿಯ ಮುದುಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ಕೊಟ್ಟ ರೀತಿ ನೋಡಿ, ಇದು ಆಟದ ಸಾಮಾನಲ್ಲ ಎಂದು ಅವರಿಗೆ ಖಾತ್ರಿಯಾಗಿತ್ತು.

ಪತ್ರ ಕಳಿಸಿದವನು ಮೈಸೂರಿನಲ್ಲಿದ್ದ ತಮ್ಮ ರಾಮಪ್ರಸಾದ. ತಾತನ ಕಾಲದ ಕಾಫಿಪುಡಿ ಅಂಗಡಿಯನ್ನು ಮಾರಲು ಹೊರಟಿದ್ದ. ಕೊಳ್ಳುವವರ ವಕೀಲರು ತಗಾದೆ ತೆಗೆದರು: ಹಿಂದಿನ ವರ್ಷ ಸುಪ್ರೀಂ ಕೋರ್ಟಿನ ತೀರ್ಪು ಬಂದಿದೆ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು, ಕಾನೂನು ತಿದ್ದಿದ 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಸರಿಯೇ, ಅಕ್ಕನ ಕಾಗದವಿಲ್ಲದೆ ವ್ಯವಹಾರವಿಲ್ಲ. ವೇದವಲ್ಲಿಯವರ ಮದುವೆಯಾದದ್ದು ಎಂಬತ್ತೆಂಟರಲ್ಲಿ, ಅಪ್ಪ ಹೋದದ್ದು 2001ರಲ್ಲಿ, ಅಮ್ಮ ಅದಕ್ಕೂ ಮೊದಲೇ. ಅಂಗಡಿ ಪ್ರಸಾದನದು ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಸ್ಕೂಲಿನಿಂದ ಬಂದು ಬೀಜ ಹುರಿಯುತ್ತಿದ್ದವರು ಮಾತ್ರ ಇವರು. ಪ್ರಸಾದ ಆ ಹೊತ್ತಿಗೆ ಕ್ರಿಕೆಟ್ ಆಡಲು ಹೋಗಿರುತ್ತಿದ್ದ.

ಒಂದೂವರೆ ವರ್ಷದಲ್ಲಿ ಎರಡೇ ಸಲ ಫೋನ್ ಮಾಡಿದ್ದ ತಮ್ಮ ಈಗ ದಿನಾ ವಿಡಿಯೋದಲ್ಲಿ ಪ್ರತ್ಯಕ್ಷನಾದ. "ಮಂಡಿನೋವು ಹ್ಯಾಗಿದೆ ಅಕ್ಕಾ? ಅಲ್ಲಿ ಕರಿಬೇವು ಸಿಗತ್ತಾ?" ಎಂದು ವಿಚಾರಿಸಿಕೊಂಡ. ನಾಲ್ಕನೆಯ ದಿನ ವಿಷಯಕ್ಕೆ ಬಂದ. "ಒಂದು ಸಣ್ಣ ಫಾರ್ಮಾಲಿಟಿ ಅಷ್ಟೇ. ಈ ಕೋರ್ಟಿನೋರಿಗೆ ಬೇರೆ ಕೆಲಸ ಇಲ್ಲ. ಪ್ರತಿ ಪೇಜಿಗೂ ಸೈನ್ ಮಾಡಿ ಕೊರಿಯರ್ ಹಾಕ್ಬಿಡು, ಎಂಬೆಸಿ ಅಟೆಸ್ಟೇಶನ್ ಆಮೇಲೆ ನೋಡ್ಕೊಳ್ಳೋಣ."

ಕರಿಬೇವಿನ ವಿಚಾರಣೆಗೇ ಅವರು ಕರಗಿಹೋಗಿದ್ದರು. ನಿಧಿ ಬೀದಿ ಮೂಲೆಯ ಕೊಂಬಿನಿ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿ ತಂದಳು. ತಮ್ಮನ ಕೆಲಸ ಅರೆಬರೆಯಾಗಬಾರದೆಂದು ವೇದವಲ್ಲಿಯವರು ಸಹಿಯ ಜಾಗದಲ್ಲಿ ಅದಕ್ಕಿಂತ ಗಟ್ಟಿಯಾದದ್ದನ್ನೇ ಒತ್ತಿದರು.

ಲಕೋಟೆ ಹೊರಟಿತು. ಅಂದಿನಿಂದ ಫೋನೂ ನಿಂತಿತು.

ಮೊದಲ ವಾರ ಅವನಿಗೆ ಪುರುಸೊತ್ತಿಲ್ಲ ಎಂದುಕೊಂಡರು. ಎರಡನೆಯ ವಾರ ಗೌರಿ ಹಬ್ಬ ಬಂತು. ಮದುವೆಯಾಗಿ ಮೂವತ್ಮೂರು ವರ್ಷದಲ್ಲಿ ಆ ದಿನ ತವರಿನಿಂದ ಬಾಗಿನ ತಪ್ಪಿದರೂ ಮಾತು ತಪ್ಪಿರಲಿಲ್ಲ. ಅರಿಶಿನದ ಗೌರಿ ಮಾಡಿ ಪೂಜೆ ಮುಗಿಸಿ, ಫೋನನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡೇ ಹೋಳಿಗೆ ತಟ್ಟಿದರು. ಸಂಜೆಯೊಳಗೆ ಅದು ಎರಡು ಸಲ ಹೊಡೆದುಕೊಂಡಿತು. ಒಮ್ಮೆ ಭೂಕಂಪದ ಮುನ್ನೆಚ್ಚರಿಕೆ, ಒಮ್ಮೆ ಮೊಬೈಲ್ ಕಂಪನಿಯ ಜಾಹೀರಾತು. ಪ್ರಸಾದ ಕರಿಬೇವು ವಿಚಾರಿಸಿದ್ದು ಲಕೋಟೆಯ ಸಲುವಾಗಿ ಎಂದು ಆಗ ಹೊಳೆದು ಅವರಿಗೆ ಬಹಳ ನೋವಾಯಿತು.

"ನಿಧಿ, ಆ ತೀರ್ಪಲ್ಲಿ ಏನಿದೆ ಅಂತ ನೋಡಿದೀಯಾ?"

"ಓದಿದೀನಿ ಅತ್ತೆ. ತುಂಬಾ ಪೇಜ್ ಇದೆ. ಸಿಂಪಲ್ ಆಗಿ ಹೇಳ್ಬೇಕಂದ್ರೆ, ಮದುವೆ ಆದ್ರೂ ಮಗಳು ಮಗಳೇ."

"ಇಷ್ಟು ಹೇಳಕ್ಕೆ ಅಷ್ಟು ಪೇಜ್ ಬೇಕಾಯ್ತಾ?" ಎಂದು ವೇದವಲ್ಲಿಯವರು ಹೋಳಿಗೆ ಮಗುಚಿದರು. "ಏನಾದ್ರಾಗಲಿ, ನಾನೇ ಮೊಹರು ಒತ್ತಾಯ್ತಲ್ಲ."

ನಿಧಿ ಏನೋ ಹೇಳಲು ಬಾಯಿ ತೆರೆದವಳು ಹೋಳಿಗೆ ತುರುಕಿಕೊಂಡಳು.

ಹಬ್ಬ ಕಳೆದ ಐದನೆಯ ದಿನ ಕರೆ ಬಂತು. ಪರದೆಯ ತುಂಬ ಪ್ರಸಾದನ ಮುಖ, ಅವನ ಭುಜದ ಹಿಂದೆ ಹೆಂಡತಿ ಪದ್ಮಾಳ ಸೆರಗು.

"ಇದೇನಕ್ಕಾ ಇದು? ಪೇಪರ್ ತುಂಬಾ ಕುಂಕುಮ ಇಟ್ಟು ಕಳಿಸಿದೀಯ!"

"ಕುಂಕುಮ ಅಲ್ವೋ, ಹಾಂಕೋ. ಸಹಿಗಿಂತ ದೊಡ್ಡದು."

"ಅದು ಜಪಾನಲ್ಲಿ! ಲಾಯರ್‌ಗೆ ನಗು ತಡೆಯಕ್ಕಾಗ್ಲಿಲ್ಲ. ಇದು ನಡೆಯೋದೇ ಇಲ್ವಂತೆ."

"ಅಂದ್ರೆ ನಾನಿನ್ನೂ ಏನೂ ಬಿಟ್ಟುಕೊಟ್ಟಿಲ್ಲ?"

"ಅದೇ ಅಲ್ವಾ ಪ್ರಾಬ್ಲಮ್ಮು!"

ವೇದವಲ್ಲಿಯವರು ಸೊಸೆಯ ಕಡೆ ನೋಡಿದರು. ನಿಧಿ ಮಗುವಿನ ಬಾಯಿ ಒರೆಸುತ್ತ, "ಸೈನ್ ಇಲ್ಲದ್ದು ಕವರ್ ಅಂಟಿಸುವಾಗಲೇ ನೋಡಿದ್ದೆ ಅತ್ತೆ, ಹೇಳೋದು ಮರೆತೋಯ್ತು" ಎಂದಳು. ಮರೆತವರ ಮುಖ ಹಾಗಿರುವುದಿಲ್ಲ.

"ಇನ್ನೊಂದು ಸೆಟ್ ಮೇಲ್ ಮಾಡಿದೀನಿ. ಈ ಸಲ ಎಂಬೆಸಿಗೇ ಹೋಗಿ ಪೆನ್ನಲ್ಲಿ ಸೈನ್ ಮಾಡು" ಎಂದ ಪ್ರಸಾದ.

ತಮ್ಮನಿಗೆ ವೇದವಲ್ಲಿಯವರು ಇಲ್ಲ ಎಂದದ್ದೇ ಇಲ್ಲ.

"ಮಾಡ್ತೀನಿ ಪ್ರಸಾದ. ಬಿಡುಗಡೆ ಪತ್ರಕ್ಕೆ ಮಾತ್ರ ಮಾಡಲ್ಲ. ಅಂಗಡಿ ಮಾರು, ಬೇಡ ಅನ್ನಲ್ಲ. ಮಾರೋರು ಅಂತ ನಿನ್ನ ಹೆಸರಿನ ಪಕ್ಕ ನನ್ನ ಹೆಸರೂ ಬರೆಸು. ನನ್ನ ಪಾಲು ನನಗೆ."

ಪ್ರಸಾದನ ಬಾಯಿ ತೆರೆದಂತೆಯೇ ನಿಂತಿತು. ನೆಟ್‌ವರ್ಕ್ ಕೈಕೊಟ್ಟಿತೇನೋ ಎಂದು ನಿಧಿ ಬಗ್ಗಿ ನೋಡಿದಳು. ಇಲ್ಲ, ಅವನ ಹಿಂದೆ ಫ್ಯಾನು ತಿರುಗುತ್ತಿತ್ತು.

"ನೀನು ಮೊದಲು ಹೀಗಿರ್ಲಿಲ್ಲ ಅಕ್ಕಾ."

"ಮೊದಲು ನನ್ನ ಯಾರೂ ಕೇಳಿರ್ಲಿಲ್ಲ."

"ಇವರಿಗೆ ತವರುಮನೆ ಅಂತ ಒಂದು ಬೇಡ್ವಾ?" ಎಂದು ಪದ್ಮಾ ಗುಡುಗಿದಳು. "ಕೊಡ್ರೀ ಇಲ್ಲಿ. ನೀವು ಎದುರಿಗಿದ್ರೆ ಆಗಲ್ಲ, ನಾನು ಮಾತಾಡ್ತೀನಿ!"

ಫೋನು ಕೈ ಬದಲಾಯಿತು. ಪರದೆಯಲ್ಲಿ ಸೀಲಿಂಗು, ಕ್ಯಾಲೆಂಡರು, ಬಾಗಿಲ ತೋರಣ ಓಡಿದವು. ವೇದವಲ್ಲಿಯವರು ಬೈಗುಳಕ್ಕೆ ಸಿದ್ಧರಾಗಿ ಬೆನ್ನು ನೆಟ್ಟಗೆ ಮಾಡಿ ಕೂತರು.

ಅಡುಗೆಮನೆಯ ಬಾಗಿಲು ಮುಚ್ಚಿದ ಸದ್ದಾಯಿತು. ಪದ್ಮಾ ಫೋನನ್ನು ಡಬ್ಬಿಗಳ ನಡುವೆ ನಿಲ್ಲಿಸಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಪಾತ್ರೆಗಳ ಮೇಲೆ ಧೋ ಎಂದು ಬೀಳತೊಡಗಿತು. ಅವಳು ಮುಖವನ್ನು ಪರದೆಗೆ ತೀರಾ ಹತ್ತಿರ ತಂದು, "ಅಕ್ಕಾ, ನಮ್ಮಪ್ಪ ಹೋಗಿದ್ದು ತೊಂಬತ್ತೊಂಬತ್ತರಲ್ಲಿ" ಎಂದು ಪಿಸುಗುಟ್ಟಿದಳು. "ಹಾಸನದ ಹಿರೀಕರ ಮನೆ ಬಿಟ್ಟುಕೊಡು ಅಂತ ನಮ್ಮಣ್ಣನೂ ಇಂಥದ್ದೇ ಪೇಪರ್ ಕಳಿಸಿದಾನೆ. ಬೀರುವಲ್ಲಿ ಇಟ್ಟಿದೀನಿ. ಸೈನ್ ಮಾಡ್ಬೇಕಾ?"

"ನಲ್ಲಿ ಸ್ವಲ್ಪ ಸಣ್ಣ ಮಾಡೇ, ಸರಿಯಾಗಿ ಕೇಳಿಸ್ತಿಲ್ಲ."

"ಬೇಡಕ್ಕಾ, ಇವರು ಬಾಗಿಲ ಹತ್ರಾನೇ ಇದಾರೆ."

ವೇದವಲ್ಲಿಯವರು ಕನ್ನಡಕ ಹಾಕಿಕೊಂಡು, ನಿಧಿಯನ್ನು ಸನ್ನೆ ಮಾಡಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಮೈಸೂರಿನಲ್ಲಿ ನೀರು ಹರಿಯುತ್ತಲೇ ಇತ್ತು.