ಹಾರ್ನಿಗೆ ಪಳಗಿದ ಕಿವಿ

ಇದು 2004ರ ಮಾತು. ಗಂಗಾವತಿಯಲ್ಲಿ ಹಾರ್ನ್ ಸೆಟ್ ರಿಪೇರಿ ಎಂದರೆ ಖಾಜಾಸಾಬ, ಖಾಜಾಸಾಬ ಎಂದರೆ ನಾನು. ಭಜನೆ ಇರಲಿ, ಉರುಸು ಇರಲಿ, ಚುನಾವಣೆ ಪ್ರಚಾರ ಇರಲಿ, ಮೈಕಿನ ಮಾತು ಹಾರ್ನಿನಿಂದ ಹೊರಟು ಮೂರು ಹೊಲ ದಾಟಿ ಕೇಳಬೇಕು. ಮೂವತ್ತು ವರ್ಷ ಅದನ್ನೇ ಮಾಡಿದವನಿಗೆ ಒಬ್ಬ ಹುಡುಗಿ ಬಂದು ಪಾಠ ಹೇಳಿದರೆ ಸಿಟ್ಟು ಬರುವುದಿಲ್ಲವೇ? ನನಗಂತೂ ಬಂತು.

ಹುಡುಗಿಯ ಹೆಸರು ವಾಣಿಶ್ರೀ. ಕೊಟ್ರಪ್ಪನವರ ಆರ್ಕೆಸ್ಟ್ರಾದಲ್ಲಿ ಆರು ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದಳು. ಹೊಸ ಹಾಡುಗಳಲ್ಲಿ ಬೇಸ್ ಗುರುಗುಟ್ಟುತ್ತದೆ, ತನಗೂ ಅದೇ ಸದ್ದು ಬೇಕೆಂದು ಹೊಸಪೇಟೆಯಿಂದ ಹಳೆಯದೊಂದು ಡಿಸ್ಟಾರ್ಷನ್ ಪೆಡಲ್ ತಂದಿದ್ದಳು. ಕಾಲಿನಿಂದ ಒತ್ತಿದರೆ ಸದ್ದು ಒಡೆದು ಗುರ್ ಎನ್ನಬೇಕು. ಆದರೆ ಅದು ಸಾದಾ ಗಿಟಾರಿಗೆಂದು ಮಾಡಿದ್ದು. ಬೇಸಿಗೆ ಹಚ್ಚಿದರೆ ಕೆಳಗಿನ ದಪ್ಪ ದನಿಯೆಲ್ಲ ಮಾಯವಾಗಿ ತಗಡು ಕೆರೆದ ಹಾಗೆ ಕೇಳುತ್ತಿತ್ತು.

"ಕಾಕಾ, ದನಿ ದಪ್ಪ ಬರೂ ಹಂಗ ಮಾಡಿಕೊಡ್ರಿ. ಐತವಾರ ಪ್ರಾಕ್ಟೀಸ್ ಐತಿ. ಬೇಸ್ ಕೇಳಲಿಲ್ಲಂದ್ರ ಅದನ್ನ ಕೀಬೋರ್ಡಿನ ಸುಭಾಷ ಎಡಗೈಲೆ ಬಾರಸ್ತಾನ, ನೀ ಕೋರಸ್‌ನ್ಯಾಗ ನಿಂದ್ರು ಅಂದಾರ ಕೊಟ್ರಪ್ಪನೋರು."

"ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ತಿ? ಗಿಟಾರ್ ಇಲ್ಲೇ ಬಿಟ್ಟು ಹೋಗು. ನಾಳಿ ಬಾ ಯವ್ವಾ."

ಪೆಡಲ್ ಬಿಚ್ಚಿದೆ. ಸದ್ದು ಒಳಗೆ ಬರುವ ಬಾಗಿಲಲ್ಲೇ ಒಂದು ಪುಟ್ಟ ಕೆಪಾಸಿಟರ್ ಕೂತಿತ್ತು. ಯಾವ ದನಿಯನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎನ್ನುವುದು ಅದರ ಕೈಯಲ್ಲಿ. ದೊಡ್ಡದೊಂದು ಹಾಕಿ ಅಂಗಡಿಯ ಹಾರ್ನಿಗೆ ಹಚ್ಚಿ ತಂತಿ ಮೀಟಿದೆ. ಹಾರ್ನ್ ಗೊಗ್ಗರು ದನಿಯಲ್ಲಿ ಅದುರಿತು. ಛೇ, ಇದೇನು ಎಂದು ಮೊದಲಿಗಿಂತ ಚಿಕ್ಕದು ಹಾಕಿದೆ. ಖಣಖಣ! ಭಲೇ ಖಾಜಾಸಾಬ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಅವಳು ಬಂದು ಗಿಟಾರ್, ಪೆಡಲ್ ಎರಡನ್ನೂ ಒಯ್ದಳು.

ಸೋಮವಾರ ಬೆಳಿಗ್ಗೆ ವಾಣಿಶ್ರೀ ಮತ್ತೆ ಬಂದಳು. ಕಣ್ಣು ಕೆಂಪಗಿದ್ದವು.

"ಕಾಕಾ, ಮೊದಲಿಗಿಂತ ತೆಳ್ಳಗ ಆಗೈತ್ರಿ. ನನ್ನ ಕೋರಸ್‌ಗೆ ಹಾಕ್ಯಾರ."

"ನನ್ನ ಕೆಲಸಕ್ಕ ಹೆಸರಿಡಬ್ಯಾಡ! ನಿನ್ನ ಬೆರಳಾಗ ಕಸುವಿಲ್ಲ, ಅದಕ್ಕ ನಾ ಏನ್ ಮಾಡ್ಲಿ?"

ಅವಳು ತಿರುಗಿ ಜಗಳಾಡಲಿಲ್ಲ. "ಹಾರ್ನಿಗೆ ಹಚ್ಚಿ ನೋಡಿದ್ರೇನು?" ಎಂದಳು.

"ಮತ್ಯಾತಕ್ಕ ಹಚ್ಚಲಿ?"

"ಒಮ್ಮಿ ಬರ್ರಿ. ನಮ್ಮ ಬಾಕ್ಸಿನ್ಯಾಗ ಕೇಳ್ರಿ."

ಗೊಣಗುತ್ತಲೇ ಸಾಮಾನಿನ ಚೀಲ ಹೆಗಲಿಗೇರಿಸಿ ಹೋದೆ. ಅಕ್ಕಿ ಮಿಲ್ಲಿನ ಹಿಂದಿನ ಖಾಲಿ ಗೋದಾಮಿನಲ್ಲಿ ಅವರ ಪ್ರಾಕ್ಟೀಸ್. ಆಳೆತ್ತರದ ಸ್ಪೀಕರ್ ಬಾಕ್ಸು ನಿಂತಿತ್ತು. ಪೆಡಲ್ ಇಲ್ಲದೆ ನೇರವಾಗಿ ಅವಳು ದಪ್ಪ ತಂತಿ ಮೀಟಿದಳು. ಯಾ ಅಲ್ಲಾ! ಅಂಗಾಲಿನಿಂದ ಎದೆಯವರೆಗೂ ಸದ್ದು ಹತ್ತಿಬಂತು. ಬಳಿಕ ನಾನು ರಿಪೇರಿ ಮಾಡಿದ ಪೆಡಲ್ ಒತ್ತಿ ಮೀಟಿದಳು. ಎದೆಯಲ್ಲಿದ್ದದ್ದೆಲ್ಲ ಹೋಗಿ ಬರೀ ಕಿವಿಯಲ್ಲಿ ಕಿರಿಕಿರಿ ಉಳಿಯಿತು.

ಕೆಳಗಿನ ದನಿ ಹಾರ್ನಿನಲ್ಲಿ ಬರುವುದೇ ಇಲ್ಲ. ಬಾರದ್ದನ್ನು ಮೂವತ್ತು ವರ್ಷ ಕಸವೆಂದು ತೆಗೆದುಹಾಕುತ್ತಾ ಬಂದವನು ನಾನು. ಈ ಹುಡುಗಿಯದೂ ಹಾಗೇ ತೆಗೆದುಹಾಕಿ, ಮೇಲೆ ಅವಳ ಬೆರಳನ್ನು ಬೈದಿದ್ದೆ. ಥೂ ನನ್ನ ಬಾಯಿಗೆ! ಬಹಳ ನಾಚಿಕೆಯಾಯಿತು.

ಅಲ್ಲೇ ನೆಲದ ಮೇಲೆ ಕೂತು ಬೆಸುಗೆ ಹಾಕುವ ಕಾವಿಯ ಕಾಯಿಸಿದೆ. ಹತ್ತು ಪಟ್ಟು ದೊಡ್ಡ ಕೆಪಾಸಿಟರ್ ಬೆಸೆದೆ. ಪೆಡಲಿನೊಳಗೆ ಸದ್ದಿನ ದಾರಿಯಲ್ಲಿ ಮುಂದೆ ಇದ್ದ ಇನ್ನೊಂದನ್ನೂ ಬದಲಿಸಿದೆ. ಪ್ರತಿ ಸಲ ಅಂಗೈಯನ್ನು ಬಾಕ್ಸಿನ ಹಲಗೆಗೆ ಒತ್ತಿ ಹಿಡಿದು, "ಮೀಟು ಯವ್ವಾ" ಎಂದೆ. ಮಧ್ಯಾಹ್ನದ ಹೊತ್ತಿಗೆ ಗುರ್ ಎನ್ನುವುದೂ ಬಂತು, ಎದೆಗೆ ತಾಗುವುದೂ ಉಳಿಯಿತು.

ಕೆಲಸ ಮುಗಿಯಿತೆಂದು ಮನೆಗೆ ಹೋಗಲು ಮನಸ್ಸು ಬರಲಿಲ್ಲ. ಸಂಜೆ ಎಲ್ಲರೂ ಬಂದರು. ಎಲ್ಲರ ಎದುರೇ ಹೇಳಿದೆ: "ಕೊಟ್ರಪ್ಪನೋರ, ನಿನ್ನಿ ಕೆಟ್ಟಿದ್ದು ನನ್ನ ಕೈಯಿಂದ್ರಿ. ಆಕಿ ಬೆರಳು ಛಲೋ ಅದಾವ. ಇನ್ನೊಮ್ಮೆ ಕೇಳ್ರಿ."

"ಒಂದ ಹಾಡು, ಅಷ್ಟ ನೋಡ್ರಿ ಸಾಬ್ರ," ಎಂದು ಕೊಟ್ರಪ್ಪನವರು ಕಣ್ಣು ಮುಚ್ಚಿ ಕೂತರು.

ಹಾಡು ಶುರುವಾಯಿತು. ಕೊಟ್ರಪ್ಪನವರು ನಿನ್ನೆ ಹೇಳಿದ್ದರಿಂದ ಸುಭಾಷ ಎಡಗೈಯಲ್ಲಿ ಬೇಸ್ ನುಡಿಸುತ್ತಲೇ ಇದ್ದ. ವಾಣಿಶ್ರೀ ಪೆಡಲ್ ಒತ್ತಿದಳು. ನಾಲ್ಕು ಸಾಲು ದಾಟಿರಲಿಲ್ಲ, ಕೊಟ್ರಪ್ಪನವರು ಕೈಯೆತ್ತಿ ನಿಲ್ಲಿಸಿದರು. ಅವಳ ಮುಖ ಬಾಡಿತು.

"ಏ ಸುಭಾಷ, ಎಡಗೈ ತಗೀಪಾ. ಆಕಿದು ನನಗ ಪೂರಾ ಕೇಳಬೇಕು."

ಸುಭಾಷ ನಕ್ಕು ಎಡಗೈಯನ್ನು ಕಿಸೆಗೆ ಹಾಕಿಕೊಂಡ.