ಮೆತ್ತಗೆ ಮಾತಾಡುವವರ ಸರದಿ

ಆ ಗುರುವಾರ ಬೆಳಿಗ್ಗೆ ಅಕ್ಕ ಕಂಪ್ಯೂಟರ್ ತೆರೆದಾಗ ಪರದೆಯ ಮೇಲೆ ನೂರ ಅರವತ್ತಮೂರು ಕೆಂಪು ಸಾಲುಗಳಿದ್ದವು. ಒಂದು ಸಾಲು ಎಂದರೆ ಒಂದು ಮನೆ. ಆ ಮನೆಯಲ್ಲಿ ಉಸಿರಾಟದ ತೊಂದರೆಯ ಒಬ್ಬ ರೋಗಿ, ಹಾಸಿಗೆಯ ಪಕ್ಕದಲ್ಲಿ ಕಂಪನಿ ಬಾಡಿಗೆಗೆ ಕೊಟ್ಟ ಆಕ್ಸಿಜನ್ ಮಷಿನ್ನು. ಮಷಿನ್ನು ಕೆಟ್ಟಿದೆ ಎಂದು ಫೋನು ಬಂದು ಒಂದು ದಿನ ಕಳೆದರೂ ಯಾರೂ ಹೋಗದಿದ್ದರೆ ಆ ಮನೆಯ ಸಾಲು ತಾನಾಗಿಯೇ ಕೆಂಪಾಗುತ್ತಿತ್ತು. ಯಾವ ಮನೆಗೆ ಯಾವ ಮೆಕ್ಯಾನಿಕ್ ಮೊದಲು ಹೋಗಬೇಕೆಂದು ಗೊತ್ತು ಮಾಡುವುದು ಅಕ್ಕನ ಕೆಲಸ.

ಅವಳಿಗೆ ಅಕ್ಕ ಎಂದು ಹೆಸರಿಟ್ಟವನು ಕಂಪನಿಯ ಯಜಮಾನನೇ. ಮೂವತ್ತೊಂದು ವರ್ಷದ ಹುಡುಗ. ಮೂರು ವರ್ಷದ ಹಿಂದೆ ಟೈರ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಈ ವ್ಯವಹಾರ ಶುರು ಮಾಡಿದಾಗ, ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ಫೋನು ಎತ್ತುತ್ತಿದ್ದ ಅವಳನ್ನು ಕರೆತಂದು ಕೂರಿಸಿದ್ದ. ಕೆಲಸಕ್ಕೆ ಸೇರಿದವರಲ್ಲಿ ಅವಳು ನಾಲ್ಕನೆಯವಳು. ಮೂರನೆಯವನು ಲಂಬು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರುವ ಎತ್ತರದ ಮೆಕ್ಯಾನಿಕ್. ಆಗ ಇದ್ದದ್ದು ಅರವತ್ತು ಮಷಿನ್ನು. ಯಾವ ಅಜ್ಜಿಗೆ ಮೂಗಿನ ಕೊಳವೆ ಚುಚ್ಚುತ್ತದೆ, ಯಾವ ತಾತ ಹೆಂಡತಿಯ ಕಣ್ಣು ತಪ್ಪಿಸಿ ಸಿಗರೇಟು ಸೇದುತ್ತಾನೆ ಎನ್ನುವುದೆಲ್ಲ ಅವಳಿಗೆ ಬಾಯಿಪಾಠ.

ಈಗ ಐದು ಸಾವಿರಕ್ಕೆ ಹತ್ತಿರ ಹತ್ತಿರ. ಕಟ್ಟಡ ಮೂರನೆಯದು. ಮೇಲಿನ ಮಹಡಿಯಲ್ಲಿ ಹೊಸ ಗಿರಾಕಿ ಹಿಡಿಯುವವರೇ ನಲವತ್ತು ಜನ; ಕೆಳಗೆ ಮೆಕ್ಯಾನಿಕ್‌ಗಳು ಹನ್ನೊಂದು. ಎಲ್ಲರ ಉತ್ಸಾಹ ಕುಂದಬಾರದೆಂದು ಕಂಪನಿ ಬಣ್ಣದ ಅಂಗಿ ಹಂಚಿತ್ತು. ಮೆಕ್ಯಾನಿಕ್‌ಗಳು ಅದನ್ನು ಕೈಯಲ್ಲಿ ಹಿಡಿದು, "ಅಂಗಿ ಏನೋ ಕೊಟ್ರು, ತೊಳ್ಕೊಳ್ಳೋಕೆ ಒಂದು ಭಾನುವಾರನೂ ಕೊಟ್ಬಿಟ್ರೆ ಆಯ್ತು" ಎಂದಿದ್ದರು. ಪ್ರತಿ ಸೋಮವಾರ ಫೋನಿಗೆ ಒಂದು ಪ್ರಶ್ನೆ ಬರುತ್ತಿತ್ತು: ಇವತ್ತು ನಿಮ್ಮ ಮನಸ್ಸು ಹೇಗಿದೆ? ಕೆಳಗೆ ಅಳುವುದರಿಂದ ನಗುವವರೆಗೆ ಐದು ಮುಖ. ಲಂಬು ಯಾವಾಗಲೂ ಹಲ್ಲು ಕಿರಿಯುವ ಮುಖವನ್ನೇ ಒತ್ತುತ್ತಿದ್ದ. "ಅಳೋ ಮುಖ ಒತ್ತಿದ್ರೆ ಯಾಕೆ ಅಂತ ಇನ್ನೊಂದು ಪುಟ ಬರೆಯೋಕೆ ಹೇಳ್ತಾರೆ ಅಕ್ಕ, ಯಾರಿಗೆ ಬೇಕು" ಎನ್ನುತ್ತಿದ್ದ.

ಯಜಮಾನ ಕೆಟ್ಟವನಲ್ಲ. ಅವನ ತಂದೆ ಇಂಥದ್ದೇ ಒಂದು ಮಷಿನ್ನಿಗೆ ಕಾಯುತ್ತಾ ಕಾಯುತ್ತಾ ತೀರಿಕೊಂಡಿದ್ದರು. ಅಂದಿನಿಂದ, ಮಷಿನ್ನು ಬೇಕು ಎಂದವರಿಗೆ ಇಲ್ಲ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಕೊಡುತ್ತಾ ಹೋದ. ಕೊಟ್ಟದ್ದನ್ನು ನೋಡಿಕೊಳ್ಳುವ ಕೈಗಳು ಮಾತ್ರ ಅಷ್ಟೇ ಉಳಿದವು. ಹೊಸ ಮೆಕ್ಯಾನಿಕ್‌ಗಳು ಬಂದಷ್ಟೇ ಬೇಗ ಬಿಟ್ಟು ಹೋಗುತ್ತಿದ್ದರು.

ಗುರುವಾರ ಹತ್ತೂವರೆಯ ಹೊತ್ತಿಗೆ ಅಕ್ಕ ಗಮನಿಸಿದಳು: ನಕ್ಷೆಯಲ್ಲಿ ಲಂಬುವಿನ ವ್ಯಾನಿನ ಚುಕ್ಕೆ ಐವತ್ತು ನಿಮಿಷದಿಂದ ಕದಲಿಲ್ಲ. ಮೂರು ಸಲ ಫೋನು ಮಾಡಿದಳು. ನಾಲ್ಕನೆಯ ಸಲ ಎತ್ತಿದ.

"ಎಲ್ಲಿದ್ದೀಯ ಲಂಬಣ್ಣ? ಆ ಮನೆಯವರು ಆಗಲೇ ಎರಡು ಸಲ ಬಾಯಿಗೆ ಬಂದ ಹಾಗೆ ಬೈದಾಯ್ತು."

"ಮನೆ ಮುಂದೇನೇ ಇದ್ದೀನಿ ಅಕ್ಕ."

"ಮತ್ತೆ?"

"ಇಳಿಯೋಕೆ ಆಗ್ತಿಲ್ಲ."

ಅವಳು ಎದ್ದು ನಿಂತಳು. ಮೂರು ವರ್ಷದಲ್ಲಿ ಆಗಲ್ಲ ಎಂಬ ಮಾತು ಅವನ ಬಾಯಿಂದ ಕೇಳಿರಲಿಲ್ಲ. ಪಕ್ಕದ ಮೇಜಿನವಳಿಗೆ ಫೋನುಗಳನ್ನು ಒಪ್ಪಿಸಿ, ಬಾಡಿಗೆ ಕಾರು ಹಿಡಿದು ಹೊರಟಳು.

ವ್ಯಾನು ನಾಲ್ಕು ಮಹಡಿಯ ಹಳೆಯ ಕಟ್ಟಡದ ಗೋಡೆಗೆ ಒತ್ತಿ ನಿಂತಿತ್ತು. ಲಂಬು ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ರಸ್ತೆ ನೋಡುತ್ತಿದ್ದ. ಗಾಡಿ ಓಡುತ್ತಿದೆಯೇನೋ ಎನ್ನುವ ಹಾಗೆ. ಅಕ್ಕ ಪಕ್ಕದ ಸೀಟಿನಲ್ಲಿದ್ದ ಉಪಕರಣದ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಕೂತಳು.

"ಹುಷಾರಿಲ್ವಾ?"

"ಚೆನ್ನಾಗೇ ಇದ್ದೀನಿ. ಬಾಗಿಲು ತೆಗೆಯೋಕೆ ಕೈ ಬರ್ತಿಲ್ಲ, ಅಷ್ಟೇ." ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ, "ನಿನ್ನೆ ಸಾಯಂಕಾಲ ಗಡಿಯಾರದವರ ಮನೆಗೆ ಹೋಗಿದ್ದೆ."

ಗಡಿಯಾರದವರು ಯಾರೆಂದು ಅಕ್ಕನಿಗೆ ತಕ್ಷಣ ಹೊಳೆಯಿತು. ಗಡಿಯಾರ ರಿಪೇರಿ ಮಾಡಿಕೊಂಡಿದ್ದ ಮುದುಕರು, ಟೈರ್ ಅಂಗಡಿಯ ಕಾಲದ ಗಿರಾಕಿ.

"ಬೆಲ್ ಒತ್ತಿದೆ. ಮಗ ಬಾಗಿಲು ತೆಗೆದ. ಒಳಗೆ ಕರೆದು ಕೂರಿಸಿ ನೀರು ಕೊಟ್ಟ. ಆಮೇಲೆ, ಅಪ್ಪ ಮೊನ್ನೆ ಹೋಗ್ಬಿಟ್ರು, ಮಷಿನ್ ಒರೆಸಿ ಇಟ್ಟಿದ್ದೀನಿ, ತಗೊಂಡು ಹೋಗಿ ಅಂದ. ಒಂದು ಮಾತು ಬೈಲಿಲ್ಲ ಅಕ್ಕ. ಕೊಳವೆನೂ ನೀಟಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ. ಬೈದಿದ್ರೆ ಚೆನ್ನಾಗಿರ್ತಿತ್ತು."

"ಮಷಿನ್ ಕೆಟ್ಟಿದ್ದಕ್ಕೇನಾ..."

"ಯಾರಿಗ್ಗೊತ್ತು? ಹೃದಯ ನಿಂತುಹೋಯ್ತು ಅಂದ್ರಂತೆ ಡಾಕ್ಟರು. ಹೌದೋ ಅಲ್ವೋ ಇನ್ನು ಯಾರು ಹೇಳ್ತಾರೆ? ಗೋಡೌನಿಗೆ ತಂದು ಬಿಚ್ಚಿ ನೋಡಿದೆ. ಫಿಲ್ಟರ್ ಧೂಳು ಕಟ್ಕೊಂಡಿತ್ತು. ಹತ್ತು ನಿಮಿಷದ ಕೆಲಸ ಅಕ್ಕ. ಹತ್ತೇ ನಿಮಿಷ."

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಐದು ದಿನದ ಹಿಂದೆ ಫೋನು ಮಾಡಿದವರು ಆ ಮುದುಕರೇ. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಾ, "ಮಷಿನ್ ಸದ್ದು ಮಾಡ್ತಿದೆ ತಾಯಿ... ಅವಸರ ಇಲ್ಲ... ಬೇರೆಯವರಿಗೆ ಇನ್ನೂ ಕಷ್ಟ ಇರುತ್ತೆ... ನಿಧಾನಕ್ಕೆ ಕಳಿಸು" ಎಂದಿದ್ದರು. ಆಗ ಅವಳಿಗೆ ಎಷ್ಟು ಹಾಯೆನಿಸಿತ್ತೆಂದರೆ ಮನಸ್ಸಿನಲ್ಲೇ ಅವರಿಗೆ ಕೈ ಮುಗಿದಿದ್ದಳು. ಮುಗಿದು, ಅವರ ಸಾಲನ್ನು ಕೆಳಕ್ಕೆ ತಳ್ಳಿದ್ದಳು. ಮಾರನೆಯ ದಿನ ಮತ್ತೆ ಕೆಳಕ್ಕೆ. ಅದರ ಮಾರನೆಯ ದಿನವೂ.

ಅವರೊಬ್ಬರನ್ನೇ ಅಲ್ಲ. ವರ್ಷದಿಂದ ಅವಳು ಮಾಡುತ್ತಾ ಬಂದದ್ದೇ ಇದು. ಕೂಗಾಡಿದವರು ಮೇಲೆ, ಪೊಲೀಸರಿಗೆ ಹೇಳುತ್ತೇವೆ ಎಂದವರು ಅವರಿಗಿಂತ ಮೇಲೆ, ಮೆತ್ತಗೆ ಮಾತಾಡಿದವರು ಕೆಳಗೆ. ಹೀಗೆ ಮಾಡೋಣವೆಂದು ಅವಳು ಯಾವತ್ತೂ ಕೂತು ಯೋಚಿಸಿದ್ದಿಲ್ಲ. ಕಿವಿ ಎತ್ತ ಎಳೆದರೆ ಅತ್ತ ಕೈ ಹೋಗಿತ್ತು.

"ತಪ್ಪು ನಿನ್ನದಲ್ಲ ಲಂಬಣ್ಣ. ಸಾಲು ಹಾಕಿದ್ದು ನಾನು."

"ಯಾರದ್ದಾದ್ರೂ ಆಗ್ಲಿ ಅಕ್ಕ. ಬೆಲ್ ಒತ್ತೋನು ನಾನಲ್ವಾ? ಈ ಮನೇಲೂ ಬಾಗಿಲು ತೆಗೆದು ಹಾಗೇ ಅಂದ್ರೆ?" ಅಷ್ಟೆತ್ತರದ ಮನುಷ್ಯ ಸೀಟಿನಲ್ಲಿ ಮುದುಡಿ ಕೂತಿದ್ದ.

ಅಕ್ಕ ಚೀಲ ಹೆಗಲಿಗೇರಿಸಿ ಇಳಿದಳು. "ಫೋನಲ್ಲಿ ಹೇಳ್ಕೊಡು. ಅಷ್ಟು ಮಾಡ್ತೀಯಾ?"

ಅವನು ತಲೆ ಆಡಿಸಿದ.

ಎರಡನೆಯ ಮಹಡಿಯ ಮನೆ. ನಿನ್ನೆಯಿಂದ ಒಂಬತ್ತು ಸಲ ಫೋನು ಮಾಡಿ, "ಮನುಷ್ಯರೇನ್ರೀ ನೀವು" ಎಂದು ಕಿರುಚಿದ್ದ ಗಂಡಸಿನ ಮನೆ. ದಪ್ಪ ಮೀಸೆಯ ಧಾಂಡಿಗನೊಬ್ಬನನ್ನು ಎಣಿಸಿ ಅಕ್ಕ ಎದೆ ಗಟ್ಟಿ ಮಾಡಿಕೊಂಡಿದ್ದಳು. ಬಾಗಿಲು ತೆಗೆದವನು ಉಣ್ಣೆ ಟೋಪಿ ಹಾಕಿದ್ದ ಒಣಕಲು ಮುದುಕ. ಒಳಕೋಣೆಯಲ್ಲಿ ಅವನ ಹೆಂಡತಿ ಮೂರು ದಿಂಬಿಗೆ ಒರಗಿ ಕೂತಿದ್ದಳು. ಮೂಗಿನ ಕೊಳವೆ ಒಂದು ಪುಟ್ಟ ಸಿಲಿಂಡರಿಗೆ ಹೋಗಿತ್ತು. ಅದರ ಮಾಪಕದ ಮುಳ್ಳು ಸೊನ್ನೆ ಮುಟ್ಟಲು ಸ್ವಲ್ಪವೇ ಬಾಕಿ. ಮೂಲೆಯಲ್ಲಿ ಮಷಿನ್ನು ಒಂದೇ ಸಮನೆ ಕಿರ್ ಕಿರ್ ಎನ್ನುತ್ತಿತ್ತು. ಅದರ ಬಾಯಿ ಮುಚ್ಚಿಸಲು ಮೇಲೆ ಕಂಬಳಿ ಹೊದಿಸಿದ್ದರು.

"ಕಂಬಳಿ ಮೊದಲು ತೆಗೀರಿ, ಗಾಳಿ ಎಳ್ಕೊಳ್ಳೋಕೆ ಜಾಗ ಬೇಕು," ಅವಳು ಕಂಡದ್ದನ್ನು ವಿವರಿಸಿದಾಗ ಫೋನಿನಲ್ಲಿ ಲಂಬು ಹೇಳಿದ. "ಹಿಂದೆ ಎರಡು ಸ್ಕ್ರೂ ಇದೆ. ಬಿಚ್ಚಿ. ಅವಸರ ಬೇಡ."

ಅಕ್ಕ ಚೀಲದಲ್ಲಿ ತಡಕಾಡಿ ಸ್ಕ್ರೂಡ್ರೈವರ್ ತೆಗೆದಳು. ಐದು ಸಾವಿರ ಮಷಿನ್ನಿನ ವಿಳಾಸ ಗೊತ್ತಿದ್ದವಳು ಒಂದರ ಬೆನ್ನನ್ನೂ ಬಿಚ್ಚಿ ನೋಡಿರಲಿಲ್ಲ. ಒಂದು ಸ್ಕ್ರೂ ಬಿದ್ದು ಮಂಚದ ಕೆಳಗೆ ಉರುಳಿತು. ಮುದುಕ ಮಂಡಿಯೂರಿ ಹುಡುಕಿ ತಂದುಕೊಟ್ಟ. ಕಪ್ಪಾಗಿ ಹೆಪ್ಪುಗಟ್ಟಿದ್ದ ಫಿಲ್ಟರು ಹೊರಬಂತು. ಚೀಲದಲ್ಲಿದ್ದ ಹೊಸ ಬಿಳಿಯದನ್ನು ಕೂರಿಸಿ, ಮುಚ್ಚಿ, ಸ್ವಿಚ್ಚು ಹಾಕಿದಳು. ಹಸಿರು ದೀಪ ಹತ್ತಬೇಕು, ಐದು ನಿಮಿಷ ಹಿಡಿಯುತ್ತೆ ಎಂದ ಲಂಬು. ಆ ಐದು ನಿಮಿಷ ಮೂವರೂ ದೀಪವನ್ನೇ ನೋಡುತ್ತಾ ಕಾದರು. ಹತ್ತಿತು. ಮುದುಕ ಹೆಂಡತಿಯ ಕೊಳವೆಯನ್ನು ಮಷಿನ್ನಿಗೆ ಬದಲಾಯಿಸಿದ. ಅವಳ ಭುಜಗಳು ಮೆಲ್ಲಗೆ ಕೆಳಗಿಳಿದವು.

ಬಾಗಿಲವರೆಗೆ ಬಂದು ಮುದುಕ ದನಿ ತಗ್ಗಿಸಿದ. "ಫೋನಲ್ಲಿ ನೀವೇ ಅಲ್ವೇನಮ್ಮಾ ಮಾತಾಡೋದು? ತಪ್ಪು ತಿಳ್ಕೋಬೇಡಿ. ನನಗೆ ಹಾಗೆಲ್ಲ ಬೈದು ಅಭ್ಯಾಸ ಇಲ್ಲ. ಕೂಗಾಡಿದ್ರೆ ಮಾತ್ರ ಬರ್ತಾರೆ ಅಂತ ಪಕ್ಕದ ಮನೆಯವರು ಹೇಳಿದ್ರು. ಬಚ್ಚಲಲ್ಲಿ ನಿಂತು ಒಂದೆರಡು ಸಲ ಅಭ್ಯಾಸ ಮಾಡ್ಕೊಂಡು ಫೋನ್ ಮಾಡ್ದೆ."

ಅಕ್ಕ ಮೆಟ್ಟಿಲಿಳಿದಳು. ಲಂಬು ಅಷ್ಟು ಹೊತ್ತಿಗೆ ವ್ಯಾನಿನಿಂದ ಇಳಿದು, ಕೀಲಿಕೈ ಹಿಡಿದು ನಿಂತಿದ್ದ. ಅವಳ ಅಂಗೈಯಲ್ಲಿಟ್ಟ. "ಇನ್ನು ನನ್ನಿಂದಾಗಲ್ಲ ಅಕ್ಕ" ಎಂದು ಬಸ್ ನಿಲ್ದಾಣದ ಕಡೆ ನಡೆದ. ಅವಳು ತಡೆಯಲಿಲ್ಲ.

ಆಫೀಸಿನಲ್ಲಿ ಕೇಕು ಬಂದಿತ್ತು. ಐದು ಸಾವಿರನೆಯ ಮಷಿನ್ನು ಆ ದಿನವೇ ಹೋಗುವುದಿತ್ತು. ಅಕ್ಕ ನೇರ ಯಜಮಾನನ ಕೋಣೆಗೆ ಹೋಗಿ, ಗಡಿಯಾರದವರ ಸುದ್ದಿ ಹೇಳಿ, ವ್ಯಾನಿನ ಕೀಲಿಕೈ ಮೇಜಿನ ಮೇಲಿಟ್ಟಳು.

"ಎರಡು ವಾರ ಹೊಸ ಮಷಿನ್ ಕೊಡೋದು ನಿಲ್ಸಿ ಸರ್. ಇರೋದನ್ನ ರಿಪೇರಿ ಮಾಡೋಣ."

ಅವನ ಮುಖ ಬಿಳಿಚಿಕೊಂಡಿತು. "ಇವತ್ತು ನಲವತ್ತೊಂದು ಜನ ಕೇಳಿದ್ದಾರೆ ಅಕ್ಕ. ಯಾರಿಗೆ ಇಲ್ಲ ಅನ್ಲಿ? ನೀವೇ ಹೇಳಿ."

"ನಾನೇ ಹೇಳ್ತೀನಿ. ಪಟ್ಟಿ ಕೊಡಿ."

ಅವನೆದುರೇ ಕೂತು, ಅವನಿಗೂ ಕೇಳಿಸುವ ಹಾಗೆ, ಒಬ್ಬೊಬ್ಬರಿಗೂ ಫೋನು ಮಾಡಿದಳು. ಇದ್ದದ್ದು ಇದ್ದ ಹಾಗೆ ಹೇಳಿದಳು: ಮಷಿನ್ನು ಬರುತ್ತದೆ, ಆದರೆ ಕೆಟ್ಟರೆ ನಾಲ್ಕೈದು ದಿನ ಯಾರೂ ಬರುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ. ಇಬ್ಬರು ಕರೆ ಕತ್ತರಿಸಿದರು. ಒಬ್ಬರು ಮಗಳನ್ನು ಕೇಳಿ ಹೇಳುತ್ತೇವೆ ಎಂದರು. ಉಳಿದ ಮೂವತ್ತೆಂಟು ಮನೆಯವರೂ ಕಳಿಸಿ ಎಂದರು. ಬೇರೆ ಕಡೆ ಎಲ್ಲೂ ಇಲ್ಲ ಎಂದರು. ಒಬ್ಬಾಕೆ ಅತ್ತೇಬಿಟ್ಟಳು. "ನಾಲ್ಕು ದಿನಕ್ಕೆ ಕೆಡೋ ಮಷಿನ್ ಆದ್ರೂ ಸರಿ ಕಣಮ್ಮಾ. ಆ ನಾಲ್ಕು ದಿನ ಉಸಿರಾಡ್ತಾರಲ್ಲ ನಮ್ಮನೆಯವರು."

ಕೊನೆಯ ಕರೆ ಮುಗಿದಾಗ ಯಜಮಾನ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. "ಈಗ ಹೇಳಿ ಅಕ್ಕ, ನಾನೇನು ಮಾಡ್ಲಿ?"

ಅಕ್ಕ ಪಟ್ಟಿ ಮಡಚಿಟ್ಟಳು. ಇನ್ನು ಮೇಲೆ ಯಾರ ಫೋನು ಮೊದಲು ಬಂತೋ ಅವರ ಮನೆಗೇ ಮೊದಲು, ಕೂಗಿದರೂ ಅಷ್ಟೇ, ಕೂಗದಿದ್ದರೂ ಅಷ್ಟೇ ಎಂದಳು. ಅವನು ಒಪ್ಪಿದ. ಮೂವತ್ತೆಂಟು ಮಷಿನ್ನುಗಳೂ ಸಾಯಂಕಾಲದೊಳಗೆ ಹೋದವು.

ಮನೆಯಲ್ಲಿ ಊಟಕ್ಕೆ ಕೂತಾಗ, ಶಾಲೆಯ ಬಸ್ಸು ಓಡಿಸುವ ಅವಳ ಗಂಡ, "ಬಿಟ್ಬಿಡು ಆ ಕೆಲಸ. ನಿದ್ದೇಲೂ ವಿಳಾಸ ಬಡಬಡಿಸ್ತೀಯ ಅಂತ ಮಗಳು ಹೇಳ್ತಾಳೆ" ಎಂದ.

"ನಾನು ಬಿಟ್ರೆ ಆ ಕುರ್ಚಿಗೆ ಬರೋರಿಗೆ ಕೂಗಾಡೋರ ದನಿ ಮಾತ್ರ ಕೇಳ್ಸುತ್ತೆ."

"ನಿನಗೇನು ಕೇಳ್ಸಿತ್ತು?" ಅವನು ಕುಹಕದಿಂದ ಕೇಳಿದ್ದಲ್ಲ. ಆದರೂ ಅಕ್ಕ ತಟ್ಟೆ ಬದಿಗೆ ಸರಿಸಿ ಎದ್ದಳು.

ಹೊಸ ಕ್ರಮ ಒಂಬತ್ತು ದಿನ ನಡೆಯಿತು. ಕೂಗಾಡಿ ಅಭ್ಯಾಸವಾದವರು ಮೇಲಿನ ಮಹಡಿಯವರಿಗೆ ಪತ್ರ ಬರೆದರು. ಅವರು ಗಿರಾಕಿಗಳ ಫೋನಿನ ಆ್ಯಪಿನಲ್ಲಿ ತುರ್ತು ಎಂಬ ಗುಂಡಿ ಇಟ್ಟರು. ವಾರದೊಳಗೆ ಎಲ್ಲರೂ ಅದನ್ನೇ ಒತ್ತತೊಡಗಿ ಪರದೆ ಮತ್ತೆ ಪೂರ್ತಿ ಕೆಂಪಾಯಿತು. ಲಂಬು ಲಿಫ್ಟ್ ರಿಪೇರಿಯ ಕೆಲಸಕ್ಕೆ ಸೇರಿದ. "ಲಿಫ್ಟ್ ಕೆಟ್ರೆ ಜನ ಮೆಟ್ಟಿಲು ಹತ್ತುತ್ತಾರೆ ಅಕ್ಕ, ಅಷ್ಟೇ" ಎಂದ ಫೋನಿನಲ್ಲಿ. ಅವನ ಹಿಂದೆ ಇನ್ನೂ ನಾಲ್ವರು ಹೋದರು. ಅವರ ಜಾಗಕ್ಕೆ ಎರಡು ದಿನ ಕೆಲಸ ಕಲಿತ ಹುಡುಗರು ಬಂದರು. ಅಕ್ಕ ಕೆಲಸ ಬಿಡಲಿಲ್ಲ.

ಮೂರು ವಾರ ಬಿಟ್ಟು, ಒಂದು ಮಧ್ಯಾಹ್ನ, ಅವಳು ಗಾಡಿ ನಿಲ್ಲಿಸುವ ಜಾಗಕ್ಕಿಳಿದು ಗಡಿಯಾರದವರ ಮಗನಿಗೆ ಫೋನು ಮಾಡಿದಳು. ಯಾರೆಂದು ಹೇಳಿದಳು. ನಿಮ್ಮ ತಂದೆಯವರ ಸರದಿಯನ್ನು ಹಿಂದಕ್ಕೆ ಹಾಕಿದ್ದು ನಾನೇ, ಅವರು ಮೆತ್ತಗೆ ಮಾತಾಡಿದರೆಂದು ಹಾಕಿದೆ ಎಂದಳು.

"ಇದನ್ನ ನನಗ್ಯಾಕೆ ಹೇಳ್ತಿದ್ದೀರ?" ಎಂದ ಮಗ. "ನಿಮಗೆ ಹಗುರ ಆಗ್ಲಿ ಅಂತಾನಾ?"

"ಗೊತ್ತಿಲ್ಲ."

"ಅಪ್ಪ ಅವತ್ತು ಫೋನ್ ಇಟ್ಮೇಲೆ ಏನಂದ್ರು ಗೊತ್ತಾ? ಪಾಪ, ಆ ಹೆಣ್ಣುಮಗಳ ದನಿ ತುಂಬ ಸೋತುಹೋಗಿದೆ, ಇನ್ನೊಂದು ಸಲ ಫೋನ್ ಮಾಡಿ ತೊಂದರೆ ಕೊಡಬೇಡ ಅಂದ್ರು. ಅದಕ್ಕೇ ನಾನೂ ಮಾಡ್ಲಿಲ್ಲ."

ಅವನು ಫೋನು ಇಟ್ಟ. ಅಕ್ಕ ಅಲ್ಲೇ ಎರಡು ವ್ಯಾನುಗಳ ನಡುವೆ ನೆಲದ ಮೇಲೆ ಕೂತುಬಿಟ್ಟಳು. ಊಟದ ಬಿಡುವು ಮುಗಿದು, ಮೇಲಿನಿಂದ ಯಾರೋ ಅವಳನ್ನು ಹುಡುಕುತ್ತಾ ಅಕ್ಕಾ, ಅಕ್ಕಾ ಎಂದು ಕೂಗುವುದು ಕೇಳಿಸಿದರೂ ಅವಳಿಗೆ ಏಳಲಾಗಲಿಲ್ಲ.